ಎರಡನೆಯ ಹನ್ನೊಂದೂವರೆ

ಈಗ ಹನ್ನೊಂದು ಹೊಡೆದು ಐದು ನಿಮಿಷ. ಇವತ್ತಿನ ಎರಡನೆಯ ಹನ್ನೊಂದು. ನಾನು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಔಷಧಶಾಲೆಯ ಹಳೇ ಹಾಳೆಗಳ ಬೆನ್ನಿಗೆ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಇನ್ನೂ ಬಂದಿಲ್ಲ. ಹನ್ನೆರಡರ ಗಂಟೆ ಹೊಡೆಯುವುದರೊಳಗೆ ಅವನು ಬರಬೇಕು, ಬಂದು ನನ್ನ ಒಂದು ಮಾತು ಕೇಳಬೇಕು. ಬರದಿದ್ದರೆ ಆ ಮಾತು ಇನ್ನೊಂದು ವರ್ಷ ಕಾಯಬೇಕಾಗುತ್ತದೆ, ಅಪ್ಪನಿಗೆ ಅರವತ್ತೆಂಟು. ಹೋಗಿ ಹುಡುಕೋಣವೆಂದರೆ ಅವನು ಆರು ಮನೆ ತಿರುಗುವವನು. ನಾನು ಆ ಓಣಿಗೆ ಹೋಗಿ ಅವನು ಈ ಓಣಿಯಿಂದ ಬಂದರೆ ಮುಗಿಯಿತು ಕಥೆ. ಫೋನುಗಳಂತೂ ಈ ತಾಸಿನಲ್ಲಿ ಸತ್ತಿರುತ್ತವೆ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರಲ್ಲಿ ಹೋಳಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಹನ್ನೊಂದರ ಗಂಟೆ ಹೊಡೆದ ಬೆನ್ನಿಗೇ ಹನ್ನೆರಡರದೂ ಹೊಡೆಯುತ್ತದೆ. ನಡುವಿನ ತಾಸು ಹೋಗುತ್ತದೆ. ಆ ಹೊತ್ತಿಗೆ ಯಾರೂ ಒಲೆಯ ಮೇಲೆ ಹಾಲಿಟ್ಟಿರುವುದಿಲ್ಲ. ಇಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪಾತ್ರೆ ತಳ ಹತ್ತಿರುತ್ತದೆ. ಕ್ಷೌರದಂಗಡಿಯಲ್ಲಿ ಹತ್ತೂಮುಕ್ಕಾಲರ ಮೇಲೆ ಯಾರ ಗಲ್ಲಕ್ಕೂ ನೊರೆ ಹಚ್ಚುವುದಿಲ್ಲ. ತಾಯಂದಿರು ತೊಟ್ಟಿಲ ಕೂಸನ್ನು ಎತ್ತಿಕೊಂಡೇ ನಿಲ್ಲುತ್ತಾರೆ. ಹೋದ ತಾಸು ದಸರೆಯ ಬೆನ್ನಿಗೆ ಬರುವ ಸೀಗೀ ಹುಣ್ಣಿಮೆಯ ಮರುದಿನ ಹೊಳ್ಳಿ ಬರುತ್ತದೆ. ಅಂದು ಹನ್ನೆರಡು ಹೊಡೆಯಬೇಕಾದಲ್ಲಿ ಮತ್ತೆ ಹನ್ನೊಂದು ಹೊಡೆಯುತ್ತದೆ, ನೆತ್ತಿಗೆ ಬಂದಿದ್ದ ಸೂರ್ಯ ಒಂದು ಮಾರು ಹಿಂದೆ ಸರಿಯುತ್ತಾನೆ, ಗಂಟೆಕಂಬದ ನೆರಳು ಉದ್ದವಾಗುತ್ತದೆ. ಕೋಳಿಗಳು ಮಾತ್ರ ಇದಕ್ಕೆ ಇನ್ನೂ ಒಗ್ಗಿಕೊಂಡಿಲ್ಲ. ಆದದ್ದು ಯಾವುದೂ ಅಳಿಯುವುದಿಲ್ಲ. ಒಡೆದ ಗಡಿಗೆ ಒಡೆದೇ ಇರುತ್ತದೆ, ಕುಡಿದ ಚಹಾ ಹೊಟ್ಟೆಯಲ್ಲೇ ಇರುತ್ತದೆ.

ಇದಕ್ಕೆ ನಾವು ಮರುತಾಸು ಎನ್ನುತ್ತೇವೆ. ಮರುತಾಸಿಗೆ ಎರಡು ಕಟ್ಟಳೆ. ಒಂದು, ಮೊದಲ ಹನ್ನೊಂದರಲ್ಲಿ ಮಾಡಿದ್ದನ್ನು ಎರಡನೆಯದರಲ್ಲೂ ಮಾಡಬೇಕು. ಮೊದಲಿಗೆ ಚಹಾ ಕುಡಿದವರು ಮತ್ತೆ ಕುಡಿಯುತ್ತಾರೆ, ಕಸ ಹೊಡೆದವರು ಮತ್ತೆ ಹೊಡೆಯುತ್ತಾರೆ, ಶಾಲೆಯಲ್ಲಿ ಅದೇ ಪಾಠ ಎರಡು ಸಲ ನಡೆಯುತ್ತದೆ. ಇನ್ನೊಂದು, ಮರುತಾಸಿನಲ್ಲಿ ಆಡಿದ ಮಾತು ಹನ್ನೆರಡು ದಾಟಬಾರದು. ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಜನ ಆಗ ಹೇಳುತ್ತಾರೆ. ಅತ್ತೆ ಸೊಸೆಗೆ, ಸೊಸೆ ಅತ್ತೆಗೆ, ಗಂಡ ಹೆಂಡತಿಗೆ. ಹನ್ನೆರಡು ಹೊಡೆಯಿತೆಂದರೆ ಅದು ಆಡದ ಮಾತು. ಮತ್ತೆ ಎತ್ತಬೇಕೆಂದರೆ ಮುಂದಿನ ವರ್ಷದ ಮರುತಾಸೇ ಬರಬೇಕು. ನಡುವೆ ಯಾರಾದರೂ ಬಾಯಿ ತೆರೆದರೆ ಎದುರಿನವರು ಗೋಡೆ ನೋಡುತ್ತಾರೆ. ನಾಚಿಕೆಗಲ್ಲ, ಅವರಿಗೆ ನಿಜವಾಗಿಯೂ ಕೇಳಿಸುವುದಿಲ್ಲ. ಅಜ್ಜ ಮುತ್ತಜ್ಜರ ಕಾಲದಿಂದ ಕಿವಿ ಹಾಗೆ ಪಳಗಿವೆ.

ಈಗ ಹೋದ ವರ್ಷದ ಮಾತು ಹೇಳುತ್ತೇನೆ.

ನಮ್ಮ ಊರಿನ ಔಷಧಶಾಲೆಯಲ್ಲಿ ಗುಂಡಿಗೆ ಸೋತವರಿಗೆ ಎದೆಪುಡಿ ಅಂತ ಕೊಡುತ್ತಾರೆ. ಯಾವುದೋ ವಿಷದ ಬೇರನ್ನು ಸುಟ್ಟು ಶುದ್ಧಿ ಮಾಡಿದ ಪುಡಿ. ಹನ್ನೊಂದೂವರೆಗೆ ಒಂದು ಪೊಟ್ಟಣ, ಊಟಕ್ಕೆ ಮುಂಚೆ. ದಿನಕ್ಕೆ ಒಂದಾದರೆ ಗುಂಡಿಗೆ ನಡೆಯುತ್ತದೆ, ಎರಡಾದರೆ ನಿಂತೇ ಹೋಗುತ್ತದೆ. ಮುದುಕರು ಮರೆತು ಎರಡು ನುಂಗಿಯಾರೆಂದು ಪ್ರತಿ ಪೊಟ್ಟಣದ ಮೇಲೂ ತಾರೀಖು ಬರೆದು, ತೊಂಬತ್ತು ದಿನಕ್ಕೆ ತೊಂಬತ್ತು ಪೊಟ್ಟಣ ಡಬ್ಬಿಗೆ ತುಂಬಿ ಕೊಡುವ ಪದ್ಧತಿ. ಮೂವತ್ಮೂರು ವರ್ಷ ಆ ತಾರೀಖುಗಳನ್ನು ಕೈಯಿಂದ ಬರೆದವನು ಅಲ್ಲಿನ ಕಂಪೌಂಡರ್ ಗುರುಪಾದಪ್ಪ, ಅಂದರೆ ನಮ್ಮಪ್ಪ. ಕಡೆಕಡೆಗೆ ಅವನ ಕೈ ನಡುಗತೊಡಗಿತು. ಏಳು ಒಂದಾಗಿ ಕಾಣುತ್ತಿತ್ತು. ಔಷಧಶಾಲೆ ನಡೆಸುವ ಪಂಡಿತರು ನನ್ನನ್ನು ಕರೆದು, "ನೀಲಗಂಗಾ, ನೀ ಕಂಪ್ಯೂಟರ್ ಕಲ್ತಾಕಿ. ನಿಮ್ಮಪ್ಪಗ ಬ್ಯಾಸರಾಗಧಂಗ ಏನರ ಮಾಡವ್ವ" ಎಂದರು.

ನಾನು ಪ್ರೋಗ್ರಾಂ ಬರೆದೆ. ಗಂಡನ ಮನೆ ಒಲ್ಲೆನೆಂದು ಹೊಳ್ಳಿ ಬಂದವಳಿಗೆ ಊರಲ್ಲಿ ಏನಾದರೂ ಮಾಡಿ ತೋರಿಸುವ ಹಟ ಇರುತ್ತದೆ, ನನಗೂ ಇತ್ತು. ನಾನು ಯಂತ್ರಕ್ಕೆ ಹೇಳಿದ್ದು ಇಷ್ಟೇ: ಮೊದಲ ದಿನದ ನಡುರಾತ್ರಿಯನ್ನು ಹಿಡಿ, ಅದರ ತಾರೀಖು ಅಚ್ಚು ಹಾಕು, ಇಪ್ಪತ್ತನಾಲ್ಕು ತಾಸು ಕೂಡಿಸು, ಬಂದ ತಾರೀಖು ಅಚ್ಚು ಹಾಕು, ಹೀಗೆ ತೊಂಬತ್ತು ಚೀಟಿ. ಹೊರಗಿನವರು ಮಾಡಿದ ಯಂತ್ರಕ್ಕೆ ನಮ್ಮ ತಾಸಿನ ಸುದ್ದಿ ಎಲ್ಲಿಂದ ಗೊತ್ತಿರಬೇಕು? ಅದಕ್ಕೆ ಹೋಳಿಗೆ ತಾಸು ಹೋಗುವುದನ್ನೂ ಸೀಗೀ ಹುಣ್ಣಿಮೆಗೆ ಬರುವುದನ್ನೂ ನಾನೇ ಕೂತು ಕಲಿಸಿದೆ. ಹೋಳಿಯ ಆಚೆ ಈಚೆಯ ತಾರೀಖು ಹಾಕಿ ನೋಡಿದೆ. ಒಂದೂ ತಪ್ಪಲಿಲ್ಲ. ಪಂಡಿತರು ಬೆನ್ನು ತಟ್ಟಿದರು. ಅಪ್ಪನಿಗೆ ಶಾಲು ಹೊದಿಸಿ ಮನೆಗೆ ಕಳಿಸಿ, ಅವನ ಜಾಗಕ್ಕೆ ನನ್ನನ್ನು ಕೂರಿಸಿದರು.

ಅಪ್ಪ ಮಾತ್ರ ಅಚ್ಚಾದ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ತಾಸು ಕಸಗೊಳ್ಳೋ ದಿನ ನೋಡಿದಿ. ಕೊಡೋ ದಿನ ನೋಡೀಯೇನು?" ಎಂದ.

"ಕಸಗೊಳ್ಳೂದು ಬಂತಂದ್ರ ಕೊಡೂದೂ ಬರತೈತಿ ತಗೋ ಅಪ್ಪಾ. ಕೂಡೂ ಲೆಕ್ಕ ಗೊತ್ತಿದ್ದದ್ದಕ್ಕ ಕಳಿಯೂ ಲೆಕ್ಕ ಗೊತ್ತಿರಂಗಿಲ್ಲೇನು?"

ಅವನು ಹಾಳೆ ಮಡಚಿಟ್ಟು ಎದ್ದುಹೋದ. ಕೆಲಸ ಕಳೆದುಕೊಂಡವನ ಹೊಟ್ಟೆಉರಿ ಎಂದುಕೊಂಡೆ. ನನ್ನ ನಾಲಿಗೆಗೆ ಆಗ ಬರೆ ಹಾಕುವವರು ಯಾರೂ ಇರಲಿಲ್ಲ.

ಅಪ್ಪನಿಗೆ ಒಂದು ಚಟವಿತ್ತು, ಈಗಲೂ ಇದೆ. ಪ್ರತಿ ವರ್ಷ ಮರುತಾಸಿನ ದಿನ ಹತ್ತೂವರೆಗೆ ಧೋತರ ಉಟ್ಟು, ಟೊಪ್ಪಿಗೆ ಇಟ್ಟು, ಎದೆಪುಡಿ ತಗೊಳ್ಳುವ ಪ್ರತಿ ಮನೆಗೂ ಹೋಗಿ ಬರುತ್ತಾನೆ. ಹೋಗಿ ಡಬ್ಬಿ ತೆಗೆಸಿ ನೋಡುತ್ತಾನೆ, ಅವರು ಕೊಟ್ಟ ಚಹಾ ಕುಡಿಯುತ್ತಾನೆ, ಎರಡನೆಯ ಹನ್ನೊಂದೂವರೆ ದಾಟಿದ ಮೇಲೆಯೇ ಮನೆಗೆ ಬರುತ್ತಾನೆ. ಊರವರಿಗೆ ಅದು ಕಂಪೌಂಡರ ತಿರುಗಾಟ. ನನಗೆ ಚಿಕ್ಕಂದಿನಿಂದ ಅದೊಂದು ನಗೆಯ ವಿಷಯ.

ಹೋದ ವರ್ಷದ ಮರುತಾಸಿನ ದಿನ, ಮೊದಲ ಹನ್ನೊಂದೂಮುಕ್ಕಾಲರ ಹೊತ್ತಿಗೆ, ಕೌದಿ ಹೊಲಿಯುವ ಸಾವಂತ್ರವ್ವ ಔಷಧಶಾಲೆಗೆ ಬಂದಳು. ಎಪ್ಪತ್ತರ ಮುದುಕಿ, ಎದೆಪುಡಿ ತಗೊಳ್ಳುವ ಆರು ಜನರಲ್ಲಿ ಒಬ್ಬಳು. ಒಂದು ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟಳು.

"ನೋಡವ್ವ, ಮಗಳ ಬಾಣಂತನಕ್ಕ ಹೋಗೋದೈತಿ. ಪುಡಿ ಮೂವತ್ತನೇ ತಾರೀಖಿಗೆ ಮುಗೀತಾವ ಅಂತ ಪಂಡಿತರು ಹೇಳ್ಯಾರ. ತಳದಾಗಿಂದು ತಗದು ನೋಡಿದ್ರ ಇದರ ಮ್ಯಾಲ ಇಪ್ಪತ್ತೊಂಬತ್ತು ಐತಿ. ಒಂದ ದಿನದ್ದು ಕಡಿಮಿ ಹಾಕೀರೇನು?"

"ಎಣಿಸಿ ನೋಡಿದೇನಬೇ?"

"ಎಣಿಸೀನಿ. ಲೆಕ್ಕಕ್ಕ ಸರಿ ಅದಾವ. ತಾರೀಖು ಸರಿ ಇಲ್ಲ."

ಪೊಟ್ಟಣ ಸರಿ ಇದ್ದು ತಾರೀಖು ಕಡಿಮೆ ಬರುವುದು ಹೇಗೆ? ಮುದುಕಿಗೆ ಕಣ್ಣು ಮಂಜು ಎಂದುಕೊಂಡು, ನಗುತ್ತಲೇ ಕಂಪ್ಯೂಟರಿನಲ್ಲಿ ಅವಳ ಪಟ್ಟಿ ತೆಗೆದೆ. ಕಡೆಯ ಸಾಲು ಇಪ್ಪತ್ತೊಂಬತ್ತೇ ಇತ್ತು. ಅಲ್ಲಿಂದ ಮೇಲಕ್ಕೆ ಹೋದೆ. ಇಪ್ಪತ್ತು, ಹತ್ತೊಂಬತ್ತು, ಹದಿನೆಂಟು, ಹದಿನೇಳು. ಮತ್ತೆ ಹದಿನೇಳು.

ಅಂದು ಹದಿನೇಳನೇ ತಾರೀಖು.

ಅಂದಿಗೆ ಇಪ್ಪತ್ತೈದು ತಾಸು. ಹದಿನೇಳರ ನಡುರಾತ್ರಿಯಿಂದ ಇಪ್ಪತ್ತನಾಲ್ಕು ಎಣಿಸಿದ ಯಂತ್ರ ಹದಿನೆಂಟಕ್ಕೆ ಮುಟ್ಟದೆ, ಹದಿನೇಳರದೇ ರಾತ್ರಿ ಹನ್ನೊಂದಕ್ಕೆ ಬಂದು ನಿಂತಿತ್ತು. ತಾರೀಖು ಯಾವುದೆಂದರೆ ಹದಿನೇಳು ಎಂದಿತ್ತು, ಅದೇನೂ ಸುಳ್ಳಲ್ಲ. ಅಲ್ಲಿಂದ ಮುಂದೆ ಪ್ರತಿ ಚೀಟಿಯೂ ಒಂದು ದಿನ ಹಿಂದೆ. ಹೋಳಿಯ ದಿನಕ್ಕೆ ಇಪ್ಪತ್ಮೂರೇ ತಾಸಾದ್ದರಿಂದ ಇಪ್ಪತ್ತನಾಲ್ಕು ಕೂಡಿಸಿದಾಗ ಮರುದಿನದ ಒಂದು ಗಂಟೆಗೆ ಬಿದ್ದಿತ್ತು, ತಾರೀಖು ಸರಿ ಬಂದು ತಪ್ಪು ಮುಚ್ಚಿಹೋಗಿತ್ತು. ನಾನು ಅದಕ್ಕೆ ಊರಿನ ತಾಸು ಕಲಿಸದೇ ಬಿಟ್ಟಿದ್ದರೆ ಎಂದೂ ತಪ್ಪುತ್ತಿರಲಿಲ್ಲ. ಜಾಣತನ ಮಾಡಿ ಕಲಿಸಿದ್ದೆ.

ಮುದುಕಿಯ ಕಡೆ ತಿರುಗಿದೆ.

"ಸಾವಂತ್ರವ್ವ, ಇವತ್ತಿನ ತಾರೀಖಿನವು ಎಷ್ಟ ಪೊಟ್ಟಣ ಇದ್ದವು?"

"ಎರಡು. ಯಾಕ?"

"ಎರಡು ಯಾಕ ಅಂತ ನೀ ಕೇಳಲಿಲ್ಲಲ್ಲ?"

"ಅಯ್ಯ, ಕೇಳೂದೇನೈತಿ? ಹನ್ನೊಂದುವರಿ ಎರಡು, ಪೊಟ್ಟಣ ಎರಡು. ಮರುತಾಸಿಗೂ ಇಟ್ಟಾಳಲ್ಲ, ಎಷ್ಟ ಶಾಣೆ ಹುಡುಗಿ ಅಂತ ನಾವೆಲ್ಲಾ ಹೊಗಳಿದ್ವಿ. ನಿಮ್ಮಪ್ಪ ಒಂದ ವರ್ಷನೂ ಇಟ್ಟಿರಲಿಲ್ಲ."

ಬೇರೆ ಯಾವ ಊರಿನವರಾದರೂ ಒಂದೇ ತಾರೀಖು ಎರಡು ಸಲ ಕಂಡರೆ ಹುಬ್ಬು ಗಂಟಿಕ್ಕುತ್ತಿದ್ದರು, ಬಂದು ಜಗಳ ತೆಗೆಯುತ್ತಿದ್ದರು. ನಮ್ಮವರು ಹೊಗಳಿದ್ದರು. ಅವತ್ತು ಎಲ್ಲವನ್ನೂ ಎರಡೆರಡು ಸಲ ಮಾಡುವ ಊರಿಗೆ ಇದಕ್ಕಿಂತ ಸರಿಯಾದದ್ದು ಇನ್ನೇನು ಕಾಣಬೇಕು? ಮೊದಲ ಪುಡಿ ಆರೂ ಜನರ ಹೊಟ್ಟೆಗೆ ಆಗಲೇ ಹೋಗಿತ್ತು. ಎರಡನೆಯದಕ್ಕೆ ಅವರು ನೀರಿನ ತಂಬಿಗೆ ಹತ್ತಿರ ಇಟ್ಟುಕೊಂಡು ಕಾಯುತ್ತಿದ್ದರು.

ನಾನು ಸಾವಂತ್ರವ್ವನ ಎರಡೂ ಕೈ ಹಿಡಿದುಕೊಂಡೆ. "ಇನ್ನೊಂದು ತಗೋಬ್ಯಾಡ. ನಿನ್ನ ಮೊಮ್ಮಕ್ಕಳ ಆಣಿ ಹಾಕ್ತೀನಿ, ತಗೋಬ್ಯಾಡ. ತಪ್ಪು ನಂದು. ಇಲ್ಲೇ ಕುಂತಿರು, ಮನಿಗಿ ಹೋಗಬ್ಯಾಡ." ಅವಳು ಬೆಪ್ಪಾಗಿ ಕೂತಳು. ಫೋನಿಗೆ ಕೈ ಹಾಕಿದೆ. ಮೊದಲ ನಂಬರು ಯಾರೂ ಎತ್ತಲಿಲ್ಲ. ಎರಡನೆಯದು ಒತ್ತುವಷ್ಟರಲ್ಲಿ ಗಂಟೆಕಂಬದಲ್ಲಿ ಹನ್ನೊಂದು ಮತ್ತೆ ಹೊಡೆಯತೊಡಗಿತು. ಫೋನು ಸತ್ತಿತು. ಕಿಟಕಿಯಿಂದ ಬಿದ್ದಿದ್ದ ಬಿಸಿಲು ಮೇಜಿನ ಮೇಲೆ ಹಿಂದಕ್ಕೆ ಸರಿಯಿತು.

ಅರ್ಧ ತಾಸು, ಐದು ಮನೆ. ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ, ಓಡಿದೆ. ಬೀದಿಯಲ್ಲಿ ಎಲ್ಲರೂ ಎರಡನೆಯ ಸಲ ಕಸ ಹೊಡೆಯುತ್ತಿದ್ದರು, ಎರಡನೆಯ ಸಲ "ಆರಾಮ ಇದ್ದೀರಿ?" ಎನ್ನುತ್ತಿದ್ದರು. ಒಬ್ಬ ಹೆಂಗಸು ಗಂಡನಿಗೆ ಹತ್ತು ವರ್ಷದ ಹಿಂದಿನ ಒಂದು ಸುಳ್ಳನ್ನು ಬಾಗಿಲಲ್ಲೇ ನಿಂತು ಒಪ್ಪಿಸುತ್ತಿದ್ದಳು. ನನಗೆ ಐದು ಹೆಣ ಕಣ್ಣಿಗೆ ಕಟ್ಟಿದ್ದವು, ಬೇರೇನೂ ಕಾಣುತ್ತಿರಲಿಲ್ಲ.

ಮೊದಲ ಮನೆ ದರ್ಜಿ ಹುಸೇನಸಾಬರದು. ಅವರು ಮಷೀನಿನ ಮುಂದೆ ಕೂತು ಗುಂಡಿ ಹಚ್ಚುತ್ತಿದ್ದರು.

"ಚಾಚಾ, ಪುಡಿ! ಎರಡನೇ ಪುಡಿ ತಗೋಬ್ಯಾಡ್ರಿ!"

ಅವರು ಹಲ್ಲಿನ ನಡುವಿನ ದಾರ ತೆಗೆದು ನಿಧಾನವಾಗಿ ಹೇಳಿದರು. "ಎಲ್ಲಿ ಪುಡಿ ತಗೊಳ್ಳೂದು ಬೇಟಿ? ನಿಮ್ಮ ಅಪ್ಪಾರ ಆಗಲೇ ಬಂದು ಒಯ್ದ್ರಲ್ಲ."

"ಯಾವಾಗ?"

"ಮೊದಲನೇ ಹನ್ನೊಂದುವರಿ ಆಗಷ್ಟ ದಾಟಿತ್ತು. ಡಬ್ಬಿ ತಗಸಿ ನೋಡಿದ್ರು. ಮುಖ ಹಿಟ್ಟಿನಗತೆ ಆಗಿತ್ತು. 'ಒಂದು ತಗೊಂಡೀ, ಇನ್ನೊಂದು ನಂಗ ಕೊಡು' ಅಂದ್ರು. ಯಾಕ ಅಂತ ಕೇಳಿದ್ರ ಹೇಳಲಿಲ್ಲ. ಚಾ ಸುದ್ದಾ ಕುಡೀಲಿಲ್ಲ."

ನಾನು ದಂಗಾಗಿ ನಿಂತೆ. ನಿಲ್ಲಲು ಸಮಯವಿರಲಿಲ್ಲ, ಮತ್ತೆ ಓಡಿದೆ. ಕಲ್ಮೇಶ ಮಾಸ್ತರರು ಅವರ ಮನೆಯ ಮೆಟ್ಟಿಲ ಮೇಲೆಯೇ ಸಿಕ್ಕರು. "ಏನವಾ ನೀಲಗಂಗಾ, ನಿಮ್ಮ ಮನಿಯವರದೇನು ಇವತ್ತು ಮೆರವಣಿಗಿ? ಅಪ್ಪ ಬಂದ ಪೊಟ್ಟಣ ಕಸಗೊಂಡ ಹೋದ, ಮಗಳು ಬಂದ ಏನ ಕಸಗೊಳ್ಳಾಕಿ?" ಮೂರನೆಯ ಮನೆಯಲ್ಲೂ ಅದೇ. ನಾಲ್ಕನೆಯದರಲ್ಲೂ ಅದೇ. ಐದನೆಯ ಮನೆಯ ಮುದುಕ ಎರಡನೆಯ ಚಹಾ ಕುಡಿಯುತ್ತ, ನಿಮ್ಮಪ್ಪ ಓಡುತ್ತಿದ್ದ, ಆ ವಯಸ್ಸಿಗೆ ಓಡಬಾರದು ಎಂದು ನನಗೇ ಬುದ್ಧಿ ಹೇಳಿದ.

ಮನೆಗೆ ಬಂದಾಗ ಎರಡನೆಯ ಹನ್ನೊಂದೂವರೆ ದಾಟಿತ್ತು. ಅಪ್ಪ ಪಡಸಾಲೆಯಲ್ಲಿ ನೆಲದ ಮೇಲೆ ಕೂತಿದ್ದ. ಟೊಪ್ಪಿಗೆ ಒಂದು ಕಡೆ, ಚಪ್ಪಲಿ ಕಾಲಲ್ಲೇ. ಮುಂ​ದೆ ಐದು ಪೊಟ್ಟಣ ಸಾಲಾಗಿ ಇಟ್ಟಿದ್ದ. ನನ್ನನ್ನು ಕಂಡವನೇ, "ಸಾವಂತ್ರವ್ವಂದು ಸಿಗಲಿಲ್ಲ. ಬಾಗಲಾ ಹಾಕಿತ್ತು. ಮೂರು ಸಲ ಹೋದೆ. ಆಕಿ ಹ್ವಾದಳು, ನೀಲಾ, ಆಕಿ ಹ್ವಾದಳು" ಎಂದ.

"ಇಲ್ಲಪ್ಪಾ. ಔಷಧಶಾಲಿಯಾಗ ಅದಾಳ. ನಂಗ ಗೊತ್ತಾತು. ತಗೋಬ್ಯಾಡ ಅಂತ ಕುಂದರಿಸಿ ಬಂದೀನಿ."

ಅವನ ತಲೆ ಎದೆಯ ಮೇಲೆ ಬಿತ್ತು. ಬಿಕ್ಕಿದ್ದೋ ಉಸಿರೋ ತಿಳಿಯಲಿಲ್ಲ. ನೀರು ತಂದುಕೊಟ್ಟೆ, ಕುಡಿದ. ನಾನು ಅವನ ಕಾಲು ಹಿಡಿದು, ತಪ್ಪಾಯಿತು, ನೀ ಅಂದಾಗಲೇ ಕೇಳಬೇಕಿತ್ತು, ಕೊಡುವ ದಿನ ನಾನು ನೋಡಿರಲಿಲ್ಲ ಎಂದೆಲ್ಲ ಅತ್ತೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಗೋಡೆಯ ಗಡಿಯಾರ ನೋಡಿದ. ಹನ್ನೊಂದು ಐವತ್ತು.

"ಇನ್ನ ಹತ್ತು ಮಿನಿಟು ಐತಿ. ಹೇಳಿಬಿಡ್ತೀನಿ" ಎಂದ. "ಈ ತಪ್ಪು ಮೊದಲ ಮಾಡಿದಾಕಿ ನೀ ಅಲ್ಲ."

ಕಾಲು ಬಿಟ್ಟು ಅವನೆದುರು ಕೂತೆ.

"ನಾ ಕೆಲಸಕ್ಕ ಸೇರಿದ ಮೊದಲನೇ ವರ್ಷ. ಎದೆಪುಡಿ ಆಗಿನ್ನ ಹೊಸಾದು. ಊರಾಗ ಅದನ್ನ ತಗೊಳ್ಳಾಕಿ ನಿಮ್ಮವ್ವ ಒಬ್ಬಾಕಿನ. ಪ್ರತಿ ಹನ್ನೊಂದುವರಿಗೆ ಒಂದು ಅಂತ ಆಗಿನ ಪಂಡಿತರು ಹೇಳಿದ್ರು. ಮರುತಾಸಿನ ದಿನ ಹನ್ನೊಂದುವರಿ ಎರಡು ಬರ್ತಾವಲ್ಲ. ನಾ ಭಾಳ ವಿಚಾರ ಮಾಡಿ, ಶಾಣ್ಯಾ ಆಗಿ, ಎರಡು ಪೊಟ್ಟಣ ಬರದಿಟ್ಟೆ. ಇದು ಮೊದಲನೇದಕ್ಕ, ಇದು ಎರಡನೇದಕ್ಕ ಅಂತ ಹೇಳಿ ಕೆಲಸಕ್ಕ ಹ್ವಾದೆ. ಹೊಳ್ಳಿ ಬಂದಾಗ ಇದೇ ಹೊತ್ತು. ಆಕಿ ಆ ಹೊಸ್ತಿಲದ ಹಂತೇಕ ಬಿದ್ದಿದ್ಲು. ಡಬ್ಬಿ ತಗದ ನೋಡಿದೆ. ಎರಡೂ ಇರಲಿಲ್ಲ."

ನನಗೆ ಆಗ ಆರು ವರ್ಷ. ಶಾಲೆಯಿಂದ ಕರೆತಂದದ್ದು, ಯಾರೋ ಕೈಗೆ ಬೆಲ್ಲ ಕೊಟ್ಟದ್ದು ನೆನಪಿದೆ. ಅವ್ವನ ಎದೆ ಮೊದಲಿನಿಂದಲೂ ಸೋತಿತ್ತು, ಹೋದಳು ಎಂದು ಊರೆಲ್ಲ ಹೇಳಿತ್ತು. ಅಪ್ಪನೂ ಹಾಗೇ ಹೇಳಿದ್ದ. ಮೂವತ್ಮೂರು ವರ್ಷ ಅವನು ಮನೆಮನೆ ತಿರುಗಿ ಡಬ್ಬಿ ತೆಗೆಸಿದ್ದು ಚಹಾದ ಆಸೆಗಲ್ಲ. ನಾನು ನಗುತ್ತಿದ್ದೆ.

ಬಾಯಿ ತೆರೆದೆ. ಏನು ಹೇಳಲಿದ್ದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಹನ್ನೆರಡು ಹೊಡೆಯಿತು. ಹನ್ನೆರಡೂ ಪೆಟ್ಟು ಮುಗಿಯುವವರೆಗೆ ಅಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಎದ್ದು, ಟೊಪ್ಪಿಗೆ ಗೂಟಕ್ಕೆ ಹಾಕಿ, "ಪಲ್ಯಾ ಏನು ಮಾಡೀ?" ಎಂದ.

"ಬದನಿಕಾಯಿ" ಎಂದೆ.

ಹೀಗೆ ಒಂದು ವರ್ಷ. ನಾನು ಪ್ರೋಗ್ರಾಂ ತಿದ್ದಿದೆ. ತಾಸು ಕೂಡಿಸಬೇಡ, ದಿನ ಕೂಡಿಸು ಎಂದು ಯಂತ್ರಕ್ಕೆ ಹೇಳಿದೆ. ಹೊತ್ತು ಒಮ್ಮೆ ಹುಟ್ಟಿದರೆ ಒಂದು ದಿನ, ಅದಕ್ಕೆ ಎಷ್ಟು ತಾಸಾದರೂ ಇರಲಿ. ಈ ಸಲ ಹೋಳಿಯನ್ನೂ ಸೀಗೀ ಹುಣ್ಣಿಮೆಯನ್ನೂ ಹತ್ತು ಹತ್ತು ಸಲ ನೋಡಿದೆ. ಅಷ್ಟು ಸುಲಭವಾಗಿ ನನ್ನನ್ನು ನಾನು ತಿದ್ದಿಕೊಳ್ಳಲು ಆಗಲಿಲ್ಲ. ಅಪ್ಪನ ಮೇಲೆ ಸಿಟ್ಟು ಬಂದಿತ್ತು. ಸುಳ್ಳು ಹೇಳುವುದಿಲ್ಲ, ಭಾರೀ ಸಿಟ್ಟು. ತಪ್ಪು ಮಾಡಿದನೆಂದಲ್ಲ, ಅದೇ ತಪ್ಪನ್ನು ನಾನೂ ಆರು ಮನೆಗೆ ಹಂಚಿದವಳು. ಮೂವತ್ಮೂರು ವರ್ಷ ನನ್ನ ಜೊತೆ ಒಂದೇ ತಾಟಿನಲ್ಲಿ ಉಂಡು ಬಾಯಿ ಬಿಡಲಿಲ್ಲವಲ್ಲ ಎಂದು. ಪ್ರೋಗ್ರಾಂ ಬರೆಯುವಾಗ ಇದೊಂದು ಮಾತು ಹೇಳಿದ್ದರೆ ಸಾಕಿತ್ತು. ಒಂದು ವರ್ಷ ರೊಟ್ಟಿಯನ್ನು ತಾಟಿಗೆ ಬಡಿದು ಹಾಕಿದೆ. ಅಪ್ಪ ತಲೆ ಬಗ್ಗಿಸಿ ಉಂಡ. ಈ ಮರುತಾಸು ಬರಲಿ, ಹನ್ನೊಂದರಿಂದ ಹನ್ನೆರಡರವರೆಗೆ ಒಂದು ನಿಮಿಷ ಬಿಡದೆ ಅಂದುಬಿಡುತ್ತೇನೆ ಎಂದು ಒಂದೊಂದೇ ಮಾತು ಕೂಡಿಟ್ಟುಕೊಂಡಿದ್ದೆ. ಅದು ಅವನಿಗೂ ಗೊತ್ತು. ಬೆಳಿಗ್ಗೆ ತಿರುಗಾಟಕ್ಕೆ ಹೊರಟವನು ಬಾಗಿಲಲ್ಲಿ ನಿಂತು, "ಲಗೂ ಬರ್ತೀನಿ. ನಿಂದೇನೈತಿ ಅದನ್ನ ಹೇಳವಂತಿ" ಎಂದು ಹೋದ.

ಅವನು ಹೋದ ಮೇಲೆ, ಮೊದಲ ಹನ್ನೊಂದು ಹೊಡೆದು ಹತ್ತು ನಿಮಿಷಕ್ಕೆ, ನಾನು ಅವ್ವನ ಟ್ರಂಕು ತೆಗೆದೆ. ಸಾವಂತ್ರವ್ವ ಮೊಮ್ಮಗುವಿಗೆ ಕೌದಿ ಹೊಲಿಯಲು ಹಳೇ ಸೀರೆ ಕೇಳಿದ್ದಳು. ಅವ್ವ ಹೋದ ಮೇಲೆ ಆ ಟ್ರಂಕನ್ನು ಅಪ್ಪ ಮುಟ್ಟಿಲ್ಲ, ನಾನು ಮೇಲಿನ ಎರಡು ಸೀರೆ ಬಿಟ್ಟರೆ ಕೆಳಗೆ ಕೈ ಹಾಕಿದ್ದಿಲ್ಲ. ತಳದಲ್ಲಿ ಒಂದು ಹಸಿರು ಸೀರೆ ಇತ್ತು. ಒಗೆಯದೆ, ಸುಕ್ಕುಸುಕ್ಕಾಗಿ ಯಾರೋ ಅವಸರದಲ್ಲಿ ಮಡಚಿಟ್ಟದ್ದು. ಅವತ್ತು ಅವಳ ಮೈಮೇಲಿದ್ದ ಸೀರೆ. ಬೆಲ್ಲ ಹಿಡಿದು ನಿಂತಾಗ ನಾನು ನೋಡಿದ್ದು ಅದೇ ಹಸಿರು. ಮೀಯಿಸುವಾಗ ತೆಗೆದು ಹೆಣ್ಣುಮಕ್ಕಳು ಯಾರೋ ಒಳಗೆ ಹಾಕಿದ್ದಿರಬೇಕು.

ಬಿಡಿಸಿದೆ. ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು.

ಸಣ್ಣ ಗಂಟು. ಒಳಗೆ ಏನೋ ಗಟ್ಟಿ. ಬಟ್ಟೆ ಹಳತಾಗಿ ಒಂದು ಕಡೆ ಹರಿದಿತ್ತು, ಅಲ್ಲಿಂದ ಹಳದಿ ಕಾಗದದ ಮೂಲೆ ಹೊರಗೆ ಬಂದಿತ್ತು. ಬೆಳಕಿಗೆ ಹಿಡಿದು ಓದಿದೆ. ಅಪ್ಪನ ಅಕ್ಷರ, ನಡುಗದಿದ್ದ ಕಾಲದ್ದು: "ಎರಡನೇ ಹನ್ನೊಂದುವರಿಗೆ."

ಬೆರಳಿನಿಂದ ಒತ್ತಿ ನೋಡಿದೆ. ಕಾಗದ ಹರಿದಿರಲಿಲ್ಲ. ಒಳಗಿನ ಪುಡಿ ಮೂವತ್ನಾಲ್ಕು ವರ್ಷದಲ್ಲಿ ಕಲ್ಲಾಗಿತ್ತು. ಅವ್ವ ಅದನ್ನು ಡಬ್ಬಿಯಿಂದ ತೆಗೆದು, ಹೊತ್ತಿಗೆ ಸರಿಯಾಗಿ ತಗೊಂಡರಾಯಿತೆಂದು ಸೆರಗಿಗೆ ಕಟ್ಟಿಕೊಂಡಿದ್ದಳು. ಆ ಹೊತ್ತು ಬರುವ ಮೊದಲೇ ಹೋಗಿದ್ದಳು, ಸೋತ ಗುಂಡಿಗೆ ತಾನೇ ನಿಂತು. ಅವಳು ಎರಡನೆಯದನ್ನು ತಗೊಂಡೇ ಇಲ್ಲ. ಅಪ್ಪ ಅವಳನ್ನು ಕೊಂದಿಲ್ಲ. ಮೂವತ್ನಾಲ್ಕು ವರ್ಷದಿಂದ ಈ ಮನುಷ್ಯ ಆಗದೇ ಇದ್ದ ತಪ್ಪನ್ನು ಹೊತ್ತು ಆರು ಮನೆ ತಿರುಗುತ್ತಿದ್ದಾನೆ, ಅದಕ್ಕೆ ಉತ್ತರ ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು. ಒಂದು ವರ್ಷ ನಾನು ಅವನ ತಾಟಿಗೆ ರೊಟ್ಟಿ ಬಡಿದಿದ್ದೇನೆ.

ಸೀರೆ ಈಗ ನನ್ನ ತೊಡೆಯ ಮೇಲಿದೆ. ಗಂಟು ಬಿಚ್ಚಿಲ್ಲ.

ಹನ್ನೊಂದು ಐವತ್ತೆರಡು. ಎದುರು ಮನೆಯವರ ಎರಡನೆಯ ಜಗಳ ಮುಗಿಯುತ್ತ ಬಂದಿದೆ. ಅಪ್ಪ ಇಷ್ಟು ತಡ ಮಾಡುವವನಲ್ಲ. ಲಗೂ ಬರುತ್ತೇನೆ ಎಂದಿದ್ದ. ಬೇಕೆಂದೇ ತಡ ಮಾಡುತ್ತಿದ್ದಾನೆಯೇ? ನನ್ನ ಮಾತಿಗೆ ಹೆದರಿ ಯಾರದೋ ಕಟ್ಟೆಯ ಮೇಲೆ ಹನ್ನೆರಡು ಹೊಡೆಯಲೆಂದು ಕೂತಿದ್ದಾನೆಯೇ? ಹಾಗಿದ್ದರೆ ನಾನು ಕೂಡಿಟ್ಟುಕೊಂಡ ಮಾತುಗಳಿಗೆ ಬೆಂಕಿ ಹಾಕಬೇಕು.

ಐವತ್ತೊಂಬತ್ತು. ಬಂದ. ಬೇವಿನ ಮರದ ತಿರುವಿನಲ್ಲಿ ಬಿಳಿ ಟೊಪ್ಪಿಗೆ ಕಂಡಿತು. ನನ್ನನ್ನು ಕಟ್ಟೆಯ ಮೇಲೆ ನೋಡಿದ, ಅಲ್ಲೇ ನಿಂತುಬಿಟ್ಟ. ಮರಕ್ಕೆ ಕೈ ಕೊಟ್ಟು ನಿಂತಿದ್ದಾನೆ. ದಣಿವೋ ಹೆದರಿಕೆಯೋ ಇಲ್ಲಿಂದ ತಿಳಿಯುತ್ತಿಲ್ಲ. ಗಂಟೆಕಂಬದ ಬುಡದಲ್ಲಿ ಹಗ್ಗ ಎಳೆಯುವವನು ಎದ್ದು ನಿಂತದ್ದೂ ಕಾಣುತ್ತಿದೆ. ಇಷ್ಟು ದೂರದಿಂದ ಕೂಗಿದರೆ ಅಪ್ಪನಿಗೆ ಕೇಳಿಸುವುದಿಲ್ಲ. ಓಡಿದರೂ ಹೇಳಿ ಮುಗಿಸುವಷ್ಟು ಹೊತ್ತು ಉಳಿಯುವುದಿಲ್ಲ, ಹನ್ನೆರಡಾದ ಮೇಲೆ ಅವನು ಪಲ್ಯ ಏನು ಮಾಡೀ ಎನ್ನುತ್ತಾನೆ.

ಅನ್ನಲಿ. ಮಾತು ಹನ್ನೆರಡು ದಾಟಬಾರದೆಂದು ಕಟ್ಟಳೆ ಇದೆ, ಸೀರೆ ದಾಟಬಾರದೆಂದು ಯಾರೂ ಹೇಳಿಲ್ಲ. ಬರೆಯುವುದನ್ನು ಇಲ್ಲಿಗೆ ಬಿಟ್ಟು ಹೋಗುತ್ತೇನೆ. ಒಂದು ಅಕ್ಷರ ಆಡುವುದಿಲ್ಲ. ಸೆರಗಿನ ತುದಿಯನ್ನು ಅವನ ಅಂಗೈಯಲ್ಲಿ ಇಡುತ್ತೇನೆ. ಗಂಟು ಅವ್ವ ಹಾಕಿದ್ದು, ಅವನೇ ಬಿಚ್ಚಲಿ.